ಹಳದಿ ದೀಪದ ಸಾಕ್ಷಿ

ಬ್ಯಾಟರಿಯ ಎರಡನೆಯ ತಂತಿಯನ್ನು ಸಿಕ್ಕಿಸಿದ್ದೇ ತಡ, ಅಜ್ಜಿ ಕಣ್ಣು ಬಿಟ್ಟಳು.

ಪೊಲೀಸ್ ಠಾಣೆಯ ಅಂಗಳದಲ್ಲಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಎರಡೂ ಹೆಡ್‌ಲೈಟುಗಳು ಪೆಚ್ಚುಪೆಚ್ಚಾಗಿ ಉರಿಯತೊಡಗಿದವು. ನಾನು ಯಾವ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ಕಾರಿನೊಳಗೆ ಯಾರೂ ಕೂತಿರಲಿಲ್ಲ.

"ಅಯ್ಯಯ್ಯೋ, ಸತ್ತೋಳು ಎದ್ದು ಕೂತ್ಲಲ್ಲಾ!" ಎಂದು ದಫೇದಾರರು ಹಿಂದಕ್ಕೆ ಸರಿದರು.

ಅಜ್ಜಿ ಎಂದರೆ ನನ್ನ ತಮ್ಮನ ಕಾರು. ಅಪ್ಪ ಬಿಟ್ಟುಹೋದದ್ದು. ಒಂದು ಕಾಲಕ್ಕೆ ಹಾರ್ನ್ ಒತ್ತಿದರೆ ವೈಪರ್ ಅಲ್ಲಾಡುತ್ತಿದ್ದ ಈ ಮುದುಕಿಯನ್ನು ನಮ್ಮ ಬೀದಿಯಲ್ಲಿ ಕಾರು ಎಂದು ಯಾರೂ ಕರೆಯುವುದಿಲ್ಲ. ತಮ್ಮ ಕೆಲಸ ಮಾಡುವ ಪ್ರೆಸ್ಸಿಗೆ ನಡೆದೇ ಹೋಗುತ್ತಾನೆ. ಅಜ್ಜಿ ಹೊರಡುವುದು ರಜೆಯ ದಿನ ಮಾತ್ರ, ಅದೂ ಅವಳಿಗೆ ಮನಸ್ಸಿದ್ದರೆ.

ಮೊನ್ನೆ ಸಂಜೆ ಗೋದಾಮಿನ ಗೇಟಿನ ಹತ್ತಿರ ಒಂದು ಕಾರು ಕಾವಲುಗಾರನನ್ನು ತಳ್ಳಿಕೊಂಡು ನಿಲ್ಲದೆ ಹೋಯಿತು. ಆತ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದಾನೆ, ನನ್ನ ತಮ್ಮ ಈ ಠಾಣೆಯ ಲಾಕಪ್ಪಿನಲ್ಲಿದ್ದಾನೆ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ.

ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ವಕೀಲರು ಕೇಳಿದರೂ ಗೋಡೆ ನೋಡಿದ, ನಾನು ಕೇಳಿದರೂ ಅದೇ ಗೋಡೆ. ಬೀದಿನಾಯಿ ಅಡ್ಡ ಬಂದರೂ ಕಾರಿನಿಂದ ಇಳಿದು ಮೈದಡವಿ ಕಳಿಸುವವನು ಅವನು. ಬಿದ್ದ ಮನುಷ್ಯನನ್ನು ಬಿಟ್ಟು ಓಡಿದ ಎಂದರೆ ನಾನು ಸತ್ತರೂ ನಂಬುವುದಿಲ್ಲ. ಅರ್ಧ ಆಯುಷ್ಯ ವಿಮಾ ಕಂಪನಿಗಳಿಗಾಗಿ, ಈಗ ಸ್ವಂತಕ್ಕೆ, ಯಾರ ಕಾರು ಯಾರಿಗೆ ಗುದ್ದಿತು ಎಂದು ಪತ್ತೆ ಮಾಡುತ್ತ ಬಂದವಳು ನಾನು. ನನ್ನ ಒಡಹುಟ್ಟಿದವನ ವಿಷಯದಲ್ಲಿ ಕೈಕಟ್ಟಿ ಕೂರುತ್ತೇನೆಯೇ?

ನನಗಿದ್ದ ಒಂದೇ ಭರವಸೆ ಸತ್ತ ಬ್ಯಾಟರಿ. ಪೊಲೀಸರು ಬಂದಾಗ ಅಜ್ಜಿ ಶೆಡ್ಡಿನಲ್ಲಿ ಸ್ಟಾರ್ಟ್ ಆಗದೆ ನಿಂತಿದ್ದಳು. ಅವಳ ಮೂತಿಯನ್ನು ಲಾರಿಯ ಹಿಂದಕ್ಕೆ ಎತ್ತಿ ಕಟ್ಟಿ ಎಳೆದು ತಂದರು. ಸ್ಟಾರ್ಟೇ ಆಗದ ಕಾರು ಯಾರಿಗೆ ಗುದ್ದೀತು ಎಂದು ವಾದಿಸಲು ನಾನು ಗ್ಯಾರೇಜಿನಿಂದ ಚಾರ್ಜ್ ಆದ ಬ್ಯಾಟರಿ ತಂದಿದ್ದೆ. ಈಗ ಆ ಭರವಸೆಯೇ ನನ್ನ ಮುಖಕ್ಕೆ ಬೆಳಕು ಬಿಡುತ್ತಿತ್ತು.

"ದಫೇದಾರ್ರೇ, ತಂದಮೇಲೆ ಒಳಗೆ ಯಾರಾದ್ರೂ ಕೂತಿದ್ರಾ?"

"ಯಾರು ಕೂರ್ತಾರೆ ಮೇಡಂ? ಕಿಟಕಿಯಿಂದ ಕೈ ಹಾಕಿ ಗೇರ್ ಬಿಡಿಸಿದ್ವಿ, ಎಳೆದ್ವಿ, ಬೀಗ ಹಾಕಿದ್ವಿ. ಅಷ್ಟೇ."

ಹಾಗಾದರೆ ಹೆಡ್‌ಲೈಟಿನ ಗುಂಡಿಯನ್ನು ಎಳೆದು ಹಾಗೆಯೇ ಬಿಟ್ಟವರು ಕೊನೆಯ ಸಲ ಓಡಿಸಿದವರು. ಉರಿದು ಉರಿದು ಬ್ಯಾಟರಿ ಸತ್ತಿದೆ. ಹಗಲಿನಲ್ಲಿ ಹೆಡ್‌ಲೈಟ್ ಯಾರೂ ಹಾಕುವುದಿಲ್ಲ. ಅಂದರೆ ಅಜ್ಜಿ ಕತ್ತಲಾಗುವ ಹೊತ್ತಿನಲ್ಲಿ ಹೊರಗೆ ಹೋಗಿದ್ದಾಳೆ.

ನಾನು ಏನೂ ಆಗದವಳಂತೆ ಕೈ ಹಾಕಿ ಗುಂಡಿ ಒತ್ತಿ ದೀಪ ಆರಿಸಿದೆ.

ಅಷ್ಟರಲ್ಲಿ ಫೋನ್ ರಿಂಗಾಯಿತು. ತಮ್ಮನ ಹೆಂಡತಿ.

"ಅತ್ತಿಗೆ, ಆ ಕಾವಲುಗಾರರಿಗೆ ಎಚ್ಚರ ಆಯ್ತಂತಾ?"

"ಇನ್ನೂ ಇಲ್ಲ. ನಿನ್ನ ಗಂಡ ಬೆಳಿಗ್ಗೆ ಎರಡು ಗುಟುಕು ಕಾಫಿ ಕುಡಿದನಂತೆ."

"ಹೌದಾ… ಸರಿ ಅತ್ತಿಗೆ. ಆಮೇಲೆ ಮಾಡ್ತೀನಿ."

ಬೆಳಗಿನಿಂದ ಎರಡನೆಯ ಸಲ ಅವಳು ಮಾಡಿದ್ದು. ಎರಡು ಸಲವೂ ಮೊದಲು ಕೇಳಿದ್ದು ಕಾವಲುಗಾರನ ವಿಷಯವನ್ನೇ. ಗಂಡ ಲಾಕಪ್ಪಿನಲ್ಲಿರುವಾಗಲೂ ಬೇರೆಯವರ ಚಿಂತೆ ಮಾಡುವ ಹುಡುಗಿ, ಒಳ್ಳೆಯ ಮನಸ್ಸು ಎಂದುಕೊಂಡೆ.

ಮಗನಿಗೆ ಊಟ ತಂದಿದ್ದ ಅಮ್ಮ ಠಾಣೆಯ ಜಗಲಿಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಕೂತಿದ್ದಳು. ಕಾಲಲ್ಲಿ ಸೊಸೆಯ ಚಪ್ಪಲಿ. ಅತ್ತೆ, ಸೊಸೆ ಇಬ್ಬರೂ ಕುಳ್ಳಿಯರು. ಚಪ್ಪಲಿ ಯಾರದು, ಸ್ವೆಟರ್ ಯಾರದು ಎನ್ನುವ ತಕರಾರು ಆ ಮನೆಯಲ್ಲಿಲ್ಲ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದವನು ತಮ್ಮನೊಬ್ಬನೇ.

"ಅಮ್ಮ, ಬಂದು ಬ್ರೇಕ್ ತುಳಿ. ನಾನು ಹಿಂದೆ ನಿಂತು ದೀಪ ನೋಡಬೇಕು."

"ನಾನಾ? ನನ್ನನ್ನ ಸ್ಟೇರಿಂಗ್ ಹತ್ರ ಬಿಟ್ಟಿದ್ದು ನಿನ್ನ ತಮ್ಮನಿಗೆ ಗೊತ್ತಾದರೆ ಒಳಗಿಂದಾನೇ ಕೂಗಾಡ್ತಾನೆ," ಎಂದಳು ಅಮ್ಮ. ಅಪ್ಪ ಅವಳಿಗೆ ಕಾರು ಕಲಿಸಿದ್ದರು. ಕಣ್ಣಿನ ಆಪರೇಷನ್ ಆದಮೇಲೆ ತಮ್ಮ ಬೀಗದ ಕೈ ಕಿತ್ತುಕೊಂಡಿದ್ದ.

ಅವಳು ಬಾಗಿಲು ತೆಗೆದು ಕೂತಳು. ಕಾಲು ಸಲೀಸಾಗಿ ಪೆಡಲಿನ ಮೇಲೆ ಇಳಿಯಿತು. ಅವಳು ಬಗ್ಗಿ ತನ್ನ ಮಂಡಿಯನ್ನೇ ನೋಡಿಕೊಂಡಳು.

"ತುಳಿ ಅಮ್ಮ!"

ತುಳಿದಳು. ಎಡಗಡೆ ಕೆಂಪು, ಬಲಗಡೆ ಕೆಂಪು. ಅಷ್ಟೇ.

"ಇನ್ನೊಂದ್ಸಲ. ಜೋರಾಗಿ."

ಮತ್ತೆ ಎರಡು ಕೆಂಪು. ನಾನು ಎಡಗಡೆಯ ದೀಪಕ್ಕೆ ಗುದ್ದಿದೆ, ಡಿಕ್ಕಿಯ ಬಾಗಿಲನ್ನು ಎತ್ತಿ ದಢಾರನೆ ಹಾಕಿದೆ, ಅಜ್ಜಿಯ ಬೆನ್ನು ಹಿಡಿದು ಕುಲುಕಿದೆ. ದಫೇದಾರರು ಇದನ್ನೆಲ್ಲ ನನ್ನ ಫೋನಿನಲ್ಲಿ ವೀಡಿಯೊ ಮಾಡಿದರು. ಹಳದಿ ದೀಪ ಮಿಣುಕಲೇ ಇಲ್ಲ.

ಈ ಕೇಸು ನಿಂತಿರುವುದೇ ಆ ಹಳದಿ ದೀಪದ ಮೇಲೆ. ಅಜ್ಜಿಗೆ ಒಂದು ಹಳೆಯ ಕಾಯಿಲೆ. ಬ್ರೇಕ್ ಒತ್ತಿದರೆ ಎಡಗಡೆ ಕೆಂಪು ದೀಪದ ಜೊತೆಗೆ ಪಕ್ಕದ ಹಳದಿ ಇಂಡಿಕೇಟರೂ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು. ದೀಪದ ಹಿಂದಿರುವ ಅರ್ತ್ ಸ್ಕ್ರೂ ತುಕ್ಕು ಹಿಡಿದರೆ ಕರೆಂಟಿಗೆ ವಾಪಸ್ ಹೋಗಲು ದಾರಿ ಇರುವುದಿಲ್ಲ. ತನ್ನ ಮನೆಯ ಬಾಗಿಲು ಮುಚ್ಚಿದ್ದರೆ ಪಕ್ಕದವರ ಅಂಗಳದಿಂದ ನುಸುಳುವ ಹುಡುಗನ ಹಾಗೆ ಅದು ಇಂಡಿಕೇಟರಿನ ಮೂಲಕ ನುಸುಳುತ್ತದೆ. ಬೀದಿಯವರಿಗೆಲ್ಲ ಇದು ಗೊತ್ತು. ಮಕ್ಕಳು "ಅಜ್ಜಿ ಕಣ್ಣು ಹೊಡೀತು" ಎಂದು ಚಪ್ಪಾಳೆ ತಟ್ಟುತ್ತಿದ್ದರು.

ಗೋದಾಮಿನ ಎದುರಿನ ಔಷಧಿ ಅಂಗಡಿಯವನು ಪೊಲೀಸರಿಗೆ ಹೇಳಿದ್ದೂ ಅದನ್ನೇ. ಕಾರು ಬ್ರೇಕ್ ಹಾಕಿತು, ಎಡಗಡೆ ಹಳದಿ ದೀಪ ಹೊತ್ತಿತು, ಒಳಗೆ ಇದ್ದವನು ಎತ್ತರದ ಮನುಷ್ಯ. ಇನ್ನೇನು ಬೇಕು?

ಇನ್ಸ್‌ಪೆಕ್ಟರ್ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದವರು ಅಂಗಳಕ್ಕೆ ಇಳಿದು ಬಂದರು.

"ಹಳೇ ಗಾಡಿ ಮೇಡಂ. ಇವತ್ತು ಒಂದು ಥರ, ನಾಳೆ ಒಂದು ಥರ. ದೀಪ ಉರೀಲಿಲ್ಲ ಅಂತ ನಿಮ್ಮ ತಮ್ಮನ್ನ ಬಿಡೋಕಾಗುತ್ತಾ?"

"ಹಳೇ ಗಾಡಿಗೆ ಕಾಯಿಲೆ ಬರುತ್ತೆ ಸರ್. ಔಷಧಿ ಕೊಡದೆ ತಾನಾಗೇ ಗುಣ ಆಗಲ್ಲ. ನಿಮ್ಮೆದುರಿಗೇ ಬಿಚ್ತೀನಿ, ನೋಡಿ."

ನಾನು ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ಎಡ ಮೂಲೆಯ ರಟ್ಟು ಸರಿಸಿದೆ. ಟಾರ್ಚ್ ಬಿಟ್ಟೆ.

ಅರ್ತ್ ಸ್ಕ್ರೂವಿನ ಸುತ್ತ ತಗಡನ್ನು ಯಾರೋ ಉಜ್ಜಿ ಬೆಳ್ಳಗೆ ಮಾಡಿದ್ದರು. ತಂತಿ ಹೊಸದು. ಸ್ಕ್ರೂವಿನ ತಲೆಯ ಮೇಲೆ ಒಂದು ಕೆಂಪು ಬೊಟ್ಟು.

ಆ ಬೊಟ್ಟನ್ನು ನೋಡಿ ನನ್ನ ಕಣ್ಣು ತುಂಬಿಬಂತು. ಅಪ್ಪ ಕಾರಿನ ವೈರಿಂಗ್ ಕೆಲಸ ಮಾಡುತ್ತಿದ್ದವರು. ಸ್ಕ್ರೂ ಬಿಗಿಮಾಡಿದ ಮೇಲೆ ಅಮ್ಮನ ಉಗುರುಬಣ್ಣ ಕದ್ದು ತಲೆಯ ಮೇಲೆ ಒಂದು ಬೊಟ್ಟು ಇಡುತ್ತಿದ್ದರು. ಸಡಿಲವಾಗುವುದಿಲ್ಲ, ಬೇರೆಯವರು ಬಿಚ್ಚಿದರೆ ಗೊತ್ತಾಗುತ್ತದೆ. ನನಗೂ ತಮ್ಮನಿಗೂ ಕಲಿಸಿದ್ದರು. ತಮ್ಮನೇ ರಿಪೇರಿ ಮಾಡಿದ್ದಾನೆ ಎಂದುಕೊಂಡೆ.

"ಮೊನ್ನೆ ಗುದ್ದಿದಮೇಲೆ ರಿಪೇರಿ ಮಾಡಿರಬಹುದಲ್ಲ? ಸಾಕ್ಷಿ ಅಳಿಸೋಕೆ," ಎಂದರು ಇನ್ಸ್‌ಪೆಕ್ಟರ್. ದಡ್ಡರೇನಲ್ಲ ಅವರು.

"ಬಗ್ಗಿ ನೋಡಿ ಸರ್. ಸ್ಕ್ರೂ ಮೇಲೆ ಏನಿದೆ?"

"ಜೇಡರ ಬಲೆ. ಅದೇನು, ಜೇಡ ಒಂದು ರಾತ್ರೀಲಿ ಕಟ್ಟುತ್ತೆ."

"ಬಲೆ ಕಟ್ಟುತ್ತೆ. ಸಂಸಾರ ಕಟ್ಟಲ್ಲ. ಆ ಹತ್ತಿಯಂಥ ಚೀಲ ನೋಡಿ, ಸ್ಕ್ರೂಗೆ ಅಂಟಿಕೊಂಡಿದೆಯಲ್ಲ, ಮೊಟ್ಟೆ ಚೀಲ. ಒಡೆದು ಮರಿಗಳು ಹೊರಟೂ ಹೋಗಿವೆ. ಮೊಟ್ಟೆ ಇಟ್ಟು, ಮರಿಯಾಗಿ, ಖಾಲಿ ಚೀಲದ ಮೇಲೆ ಧೂಳು ಕೂರೋಕೆ ಎರಡು ದಿನ ಸಾಕಾ ಸರ್?"

ಅವರು ತಮ್ಮ ಫೋನ್ ತೆಗೆದು ತಾವೇ ಫೋಟೊ ಹಿಡಿದರು. ಮತ್ತೊಮ್ಮೆ ಬಗ್ಗಿ ನೋಡಿದರು.

"ಹಾಗಾದ್ರೆ ಔಷಧಿ ಅಂಗಡಿಯವನು ನೋಡಿದ್ದೇನು?"

"ಅದನ್ನೇ ಕೇಳೋಕೆ ಹೋಗ್ತಿದ್ದೀನಿ."

"ಸಂಜೆಯೊಳಗೆ ಅವನು ಬಂದು ಹೇಳಿಕೆ ಬದಲಾಯಿಸಿದ್ರೆ ಯೋಚನೆ ಮಾಡ್ತೀನಿ. ಇಲ್ಲದಿದ್ರೆ ನಾಳೆ ನಿಮ್ಮ ತಮ್ಮ ಕೋರ್ಟಿಗೆ."

ಅಮ್ಮ ಇನ್ನೂ ಸ್ಟೇರಿಂಗ್ ಹಿಡಿದು ಕೂತೇ ಇದ್ದಳು. ನಾನು ಬಾಗಿಲು ತೆಗೆದು ಇಳಿಸಿದೆ. ಆಟೋದಲ್ಲಿ ದಾರಿಯುದ್ದಕ್ಕೂ ಅವಳು ರಸ್ತೆಯನ್ನೇ ದಿಟ್ಟಿಸುತ್ತಿದ್ದಳು. ಬಿಸಿಲಿಗೆ ದಣಿದಿದ್ದಾಳೆ ಎಂದುಕೊಂಡೆ.

*

ಔಷಧಿ ಅಂಗಡಿಯವನನ್ನು ಎಲ್ಲರೂ ಮಾತ್ರೆ ಎಂದೇ ಕರೆಯುವುದು. ತಮ್ಮನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ನನ್ನನ್ನು ಕಂಡದ್ದೇ ತಡ, ಕೆಮ್ಮಿನ ಔಷಧಿಯ ಬಾಟಲಿಗಳನ್ನು ಸಾಲಾಗಿ ಜೋಡಿಸಲು ಶುರು ಮಾಡಿದ. ಅವು ಮೊದಲೇ ಸಾಲಾಗಿದ್ದವು.

ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಹೋದೆ.

"ಮಾತ್ರೆ, ಮೊನ್ನೆ ನೀನು ನೋಡಿದ್ದನ್ನ ನನಗೂ ಒಂದು ಸಲ ಹೇಳು."

"ಪೊಲೀಸರಿಗೆ ಹೇಳಿದ್ದೀನಲ್ಲ ಅಕ್ಕ."

"ಅವರಿಗೆ ಹೇಳಿದ್ದು ಅವರಿಗಾಯ್ತು."

"ಅದೇ… ಕಾರು ಬಂತು, ಕಾವಲುಗಾರ ಬಿದ್ದ, ಬ್ರೇಕ್ ಬಿತ್ತು, ಎಡಗಡೆ ಹಳದಿ ದೀಪ ಹೊತ್ತಿತು. ಅಜ್ಜಿ ಅಂತ ಗೊತ್ತಾಯ್ತು."

"ಹಳದಿ ದೀಪ ನಿನ್ನ ಕಣ್ಣಾರೆ ನೋಡಿದೆ?"

"ಕಣ್ಣಾರೆ ಅಕ್ಕ."

"ಸರಿಯಾಗಿ ನೆನಪಿದೆ?"

"ಕಣ್ಣು ಮುಚ್ಚಿದ್ರೆ ಈಗಲೂ ಕಾಣ್ಸುತ್ತೆ."

"ಕಣ್ಣು ಮುಚ್ಚಿದ್ರೆ ಮಾತ್ರ ಕಾಣ್ಸುತ್ತೆ ಕಣೋ. ತೆಗೆದು ಇದನ್ನ ನೋಡು."

ಫೋನನ್ನು ಅವನ ಮೂಗಿನ ಕೆಳಗೆ ಹಿಡಿದೆ. ವೀಡಿಯೊದಲ್ಲಿ ಅಜ್ಜಿ ಬ್ರೇಕ್ ಹಾಕಿದಳು. ಎರಡು ಕೆಂಪು. ನಾನು ಗುದ್ದಿದೆ, ಕುಲುಕಿದೆ. ಎರಡು ಕೆಂಪು. ಮಾತ್ರೆಯ ಹಣೆಯಲ್ಲಿ ಬೆವರು ಮೂಡಿತು.

"ಅದು… ಒಂದೊಂದ್ಸಲ ಉರೀತಿತ್ತು, ಒಂದೊಂದ್ಸಲ ಇಲ್ಲ…"

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಆ ಕಾಯಿಲೆ ಗುಣವಾಗಿ, ಅಲ್ಲಿ ಜೇಡ ಬಾಣಂತನ ಮುಗಿಸಿ ಹೋಗಿದೆ. ಇಲ್ಲದ ದೀಪ ನಿನಗೆ ಹೇಗೋ ಕಾಣಿಸ್ತು?"

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಜ್ವರದ ಮಾತ್ರೆ ಕೇಳಿದಳು. ಅವನು ಕೈಗೆ ಸಿಕ್ಕಿದ್ದನ್ನು ಕೊಟ್ಟ. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಓದಿ ಅವನ ಮುಂದಿಟ್ಟೆ.

"ಜ್ವರ ಅಂದ್ರೆ ಹೊಟ್ಟೆನೋವಿಗೆ ಕೊಡ್ತಿದ್ದೀಯ. ನಿನ್ನ ಸಾಕ್ಷೀನೂ ಹೀಗೇನಾ?"

ಅವನು ಸರಿಯಾದ್ದನ್ನು ಕೊಟ್ಟು, ಹಣ ತೆಗೆದುಕೊಳ್ಳುವುದನ್ನೂ ಮರೆತು ಅವಳನ್ನು ಕಳಿಸಿದ. ನನಗೆ ಕನಿಕರ ಬರಲಿಲ್ಲ. ಲಾಕಪ್ಪಿನಲ್ಲಿ ಮಂಡಿ ಮಡಚಿ ಕೂತ ತಮ್ಮನ ಬೆನ್ನು ಮಾತ್ರ ಕಣ್ಣ ಮುಂದಿತ್ತು.

"ನೋಡು, ನಾಳೆ ಇದೇ ಮಾತನ್ನ ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಬೇಕಾಗುತ್ತೆ. ನಾನು ಇದೇ ವೀಡಿಯೊ ಅಲ್ಲೂ ಹಾಕಿಸ್ತೀನಿ. ಆಮೇಲೆ ಒಳಗೆ ಹೋಗೋದು ನೀನು. ಯಾರು ಹೇಳಿಕೊಟ್ರು?"

"ಯಾರೂ ಇಲ್ಲ."

"ನಿನ್ನ ಗೆಳೆಯ ಅವನು. ನಮ್ಮನೇಲಿ ಉಂಡು ಬೆಳೆದಿದ್ದೀಯ. ಅವನ ಕುತ್ತಿಗೆಗೆ ಹಗ್ಗ ಹಾಕೋಕೆ ನಿನಗೆ ಹೇಗೆ ಮನಸ್ಸು ಬಂತೋ?"

ಆ ಮಾತು ನಾಟಿತು. ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ನಾನು ಏನೂ ನೋಡಲಿಲ್ಲ ಅಕ್ಕ. ಒಳಗೆ ಡಬ್ಬ ಬಿಚ್ತಾ ಇದ್ದೆ. ಸದ್ದು ಕೇಳಿ ಹೊರಗೆ ಬರೋದ್ರೊಳಗೆ ಕಾರು ಮಾಯ. ಎಲ್ಲರೂ ಸೇರಿ ಕಾವಲುಗಾರನ್ನ ಆಸ್ಪತ್ರೆಗೆ ಕಳಿಸಿದ್ವಿ. ಆಮೇಲೆ ಒಬ್ಬರು ಬಂದು ಹೀಗೀಗೆ ಹೇಳು ಅಂದ್ರು."

"ಯಾರು?"

"ಹೇಳಲ್ಲ ಅಂತ ಭಾಷೆ ಕೊಟ್ಟಿದ್ದೀನಿ."

"ಯಾರೋ ಅದು?"

ಅವನು ತಲೆಯೆತ್ತಿ ನೋಡಿದ. ಕಣ್ಣಲ್ಲಿ ನೀರಿತ್ತು.

"ನಿಮ್ಮ ತಮ್ಮಾನೇ ಅಕ್ಕ. ಏದುಸಿರು ಬಿಡ್ತಾ ಓಡಿಬಂದ. ಕಾರು ನಂದು ಅಂತ ಹೇಳು, ಓಡಿಸ್ತಿದ್ದಿದ್ದು ನಾನು ಅಂತ ಹೇಳು, ಹಳದಿ ದೀಪದ ವಿಷಯ ಸೇರಿಸು, ಆಗ ಯಾರಿಗೂ ಅನುಮಾನ ಬರಲ್ಲ ಅಂದ. ಕೈ ಮುಗಿದುಬಿಟ್ಟ ಅಕ್ಕ. ಚಿಕ್ಕಂದಿನಿಂದ ಅವನು ನನ್ನ ಹತ್ರ ಏನೂ ಕೇಳಿದೋನಲ್ಲ."

ಸಿಟ್ಟು, ದುಃಖ ಎರಡೂ ಒಟ್ಟಿಗೆ ನುಗ್ಗಿ ಬಂದವು. ಇತ್ತ ನಾನು ಅವನನ್ನು ಬಿಡಿಸಲು ಡಿಕ್ಕಿಯೊಳಗೆ ತಲೆ ತೂರಿಸುತ್ತಿದ್ದರೆ, ಅತ್ತ ಆ ಮಹಾರಾಯ ತನ್ನ ಗುಂಡಿಯನ್ನು ತಾನೇ ತೋಡಿ, ಗೆಳೆಯನ ಕೈಗೂ ಗುದ್ದಲಿ ಕೊಟ್ಟಿದ್ದ.

"ಎದ್ದೇಳು. ಠಾಣೆಗೆ ಹೋಗಿ ಈಗ ಹೇಳಿದ್ದನ್ನೇ ಹೇಳು. ನನ್ನ ಹತ್ರ ಹೇಳಿದ ಹಾಗೇ, ಒಂದಕ್ಷರ ಬಿಡದೆ."

"ಅವನು ನನ್ನ ಮುಖ ನೋಡಲ್ಲ ಇನ್ನು."

"ಮುಖ ನೋಡೋಕೆ ಅವನು ಮೊದಲು ಹೊರಗೆ ಬರಬೇಕಲ್ಲ."

ಅವನು ಷಟರ್ ಎಳೆಯಲು ಕೋಲು ಹುಡುಕುತ್ತಿದ್ದಾಗ ನನ್ನ ತಲೆಯೊಳಗೆ ಒಂದೊಂದೇ ತಂತಿ ಸೇರತೊಡಗಿತು. ಹಳದಿ ದೀಪದ ಮಾತು ಹೇಳಿಕೊಟ್ಟವನು ತಮ್ಮ. ಅಂದರೆ ಆ ದೀಪ ರಿಪೇರಿಯಾಗಿರುವುದು ತಮ್ಮನಿಗೇ ಗೊತ್ತಿಲ್ಲ. ಅಂದರೆ ರಿಪೇರಿ ಮಾಡಿದವನು ಅವನಲ್ಲ. ನಾನಂತೂ ಅಲ್ಲ. ಅಪ್ಪ ಇಲ್ಲ. ಉಗುರುಬಣ್ಣದ ಬೊಟ್ಟು ಇಡಲು ಇನ್ನು ಯಾರಿಗೆ ಗೊತ್ತು?

ಆ ಉಗುರುಬಣ್ಣ ಯಾರದಾಗಿತ್ತೋ ಅವರಿಗೆ.

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಅಮ್ಮ ಬ್ರೇಕ್ ತುಳಿಯಲು ಕೂತಾಗ ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲೇ ಇಲ್ಲ. ಏಣಿಯಂಥ ತಮ್ಮ ಕೂರುವ ಸೀಟು ಅದು. ಅವಳ ಕಾಲು ಅಲ್ಲಿಂದ ಪೆಡಲಿಗೆ ಎಟುಕುವುದೇ ಸಾಧ್ಯವಿಲ್ಲ.

ಹೊರಗೆ ಬಂದು ಅಮ್ಮನ ಪಕ್ಕ ಕೂತೆ. ಅವಳ ಮಡಿಲಲ್ಲಿ ಟಿಫಿನ್ ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ ಇತ್ತು. ಮಗನಿಗೆ ಊಟ ಕೊಡುವುದನ್ನೇ ಮರೆತು ಬಂದಿದ್ದಳು.

"ಅಮ್ಮ, ಡಿಕ್ಕಿಯೊಳಗೆ ಸ್ಕ್ರೂಗೆ ಬಣ್ಣ ಹಚ್ಚಿದ್ದು ನೀನಾ?"

"ಹೂಂ."

"ಕಾರು ಓಡಿಸ್ತಿದ್ದೀಯ."

"ಬೆಳಿಗ್ಗೆ ಹೊತ್ತು. ಅವನು ಪ್ರೆಸ್ಸಿಗೆ ಹೋದಮೇಲೆ. ಅಜ್ಜೀನ ನಿಲ್ಲಿಸೇ ಇಟ್ರೆ ಸತ್ತೇ ಹೋಗ್ತಾಳೆ, ನಿಮ್ಮಪ್ಪ ಹಾಗೇ ಹೇಳೋರು. ಶೆಡ್ಡಲ್ಲಿ ಇನ್ನೊಂದು ಬೀಗದ ಕೈ ಇತ್ತು."

"ಮೊನ್ನೆ…" ಎಷ್ಟು ಜನರನ್ನು ಈ ಪ್ರಶ್ನೆ ಕೇಳಿಲ್ಲ ನಾನು? ಹೆತ್ತವಳನ್ನು ಕೇಳುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. "ಮೊನ್ನೆ ಸಂಜೆ ಇಳಿಯುವಾಗ ದೀಪ ಆರಿಸೋದು ಮರೆತೆಯಾ ಅಮ್ಮ?"

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಭಯವಿತ್ತು. ಆದರೆ ಅದು ತನ್ನ ಸಲುವಾಗಿ ಪಡುವ ಭಯವಾಗಿರಲಿಲ್ಲ.

"ಸಂಜೆ ಆದ್ರೆ ನನಗೆ ಮನೆ ಮೆಟ್ಟಿಲೇ ಕಾಣಲ್ಲ, ರಸ್ತೆ ಎಲ್ಲಿ ಕಾಣುತ್ತೆ? ಆ ದೀಪದ ಗುಂಡಿ ಮುಟ್ಟಿ ಎಷ್ಟು ವರ್ಷ ಆಯ್ತೋ."

"ಮತ್ತೆ ಸೀಟು? ನಿನ್ನ ಅಳತೆಗೇ ಇತ್ತಲ್ಲ!"

"ಅದೇ ಆಗಿಂದ ನನ್ನ ಕೊರೀತಿದೆ. ನಾನು ಇಳಿಯುವಾಗ ಸೀಟನ್ನ ಹಿಂದಕ್ಕೆ ತಳ್ಳದೆ ಇಳಿಯಲ್ಲ. ಇಲ್ಲದಿದ್ರೆ ಅವನಿಗೆ ಗೊತ್ತಾಗಿಬಿಡುತ್ತಲ್ಲ. ಮೊನ್ನೆ ಬೆಳಿಗ್ಗೇನೂ ತಳ್ಳೇ ಇಳಿದಿದ್ದೆ."

ಅವಳ ನೋಟ ಕೆಳಗಿಳಿದು ತನ್ನ ಕಾಲಿನಲ್ಲಿದ್ದ ಸೊಸೆಯ ಚಪ್ಪಲಿಯ ಮೇಲೆ ನಿಂತಿತು.

ನನ್ನ ಕೈಯಲ್ಲಿ ಫೋನ್ ರಿಂಗಾಗತೊಡಗಿತು. ತಮ್ಮನ ಹೆಂಡತಿ, ಮೂರನೆಯ ಸಲ. ಎತ್ತಿದರೆ ಮೊದಲು ಏನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಹಿಂದೆ ಮಾತ್ರೆ ಷಟರ್ ಎಳೆದು, ಠಾಣೆಗೆ ಹೊರಡಲು ಸಿದ್ಧನಾಗಿ ನನ್ನನ್ನೇ ಕಾಯುತ್ತ ನಿಂತ. ಅವನನ್ನು ಕಳಿಸಿದರೆ ತಮ್ಮ ಹೊರಗೆ ಬರುತ್ತಾನೆ. ಅವನ ಜಾಗಕ್ಕೆ ಯಾರು ಹೋಗುತ್ತಾರೆ?

"ಅವಳಿಗೆ ಕಾರು ಓಡಿಸೋಕೇ ಬರಲ್ಲವಲ್ಲ ಅಮ್ಮ!" ಎಂದೆ. ಅದು ನಿಜವಾಗಲಿ ಎಂಬ ಆಸೆ ನನ್ನ ದನಿಯಲ್ಲಿತ್ತು.

ಅಮ್ಮ ರಿಂಗಾಗುತ್ತಲೇ ಇದ್ದ ಫೋನಿನ ಮೇಲೆ ಅಂಗೈ ಮುಚ್ಚಿದಳು.

"ಬರುತ್ತೆ. ಬೆಳಿಗ್ಗೆ ಹೊತ್ತು ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಕಲಿಸ್ತಿದ್ದೆ. ಬರೀ ಬೆಳಿಗ್ಗೆ ಅಲ್ವಾ… ದೀಪ ಆರಿಸೋದೊಂದನ್ನ ಇನ್ನೂ ಹೇಳಿಕೊಟ್ಟಿರಲಿಲ್ಲ."